ಚಳಿಗಾಲದಲ್ಲಿ ಕೆಂಬೇರಿಗೆ ಗಾಳ: ಕೋಡಿ ಬೆಂಗ್ರೆ ಕಡೆ ಹೋಗುವವರಿಗೆ

ಡಿಸೆಂಬರ್ ಬಂತೆಂದರೆ ನನಗೆ ಫೋನ್ ಮೇಲೆ ಫೋನ್. "ಬೆಂಗ್ರೆಗೆ ಹೋಗಿದ್ದೆ ಮಾರಾಯ್ರೆ, ಮಧ್ಯಾಹ್ನದವರೆಗೆ ಕೂತೆ, ಒಂದು ತೇಡೆ ಮೀನು ಬಿಟ್ಟರೆ ಎಂತದೂ ಸಿಗಲಿಲ್ಲ." ಎಷ್ಟು ಹೊತ್ತಿಗೆ ಹೋದ್ರಿ ಅಂತ ಕೇಳಿದರೆ ಎಂಟೂವರೆಗೆ, ತಿಂಡಿ ತಿಂದು ಹೊರಟದ್ದು ಅನ್ನುತ್ತಾರೆ. ಭರತ (ಸಮುದ್ರದ ಉಬ್ಬರ) ಎಷ್ಟು ಹೊತ್ತಿಗಿತ್ತು ಅಂತ ಕೇಳಿದರೆ ಉತ್ತರ ಇಲ್ಲ. ರಾಡ್ ಯಾವುದು, ರೀಲ್ ಯಾವುದು, ಎಷ್ಟು ಕೊಟ್ಟಿರಿ ಅಂತ ಕೇಳಿ, ಅರ್ಧ ಗಂಟೆ ಹೇಳುತ್ತಾರೆ.

ಹಾಗಾಗಿ ಒಮ್ಮೆ ಕೂತು ಬರೆದುಬಿಡೋಣ ಅನ್ನಿಸಿತು. ನಾನು ಗಾಳ ಹಾಕುವುದು ಹೆಚ್ಚಾಗಿ ಉಡುಪಿ ಕಡೆಯ ಸ್ವರ್ಣಾ ನದಿಯಲ್ಲಿ, ಕೆಮ್ಮಣ್ಣು ತೂಗುಸೇತುವೆಯಿಂದ ಕೆಳಗೆ ಕೋಡಿ ಬೆಂಗ್ರೆಯ ಅಳಿವೆಯವರೆಗೆ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿಯವರೆಗೆ. ಸೀತಾ ನದಿಯೂ ಅಲ್ಲೇ ಬಂದು ಸೇರುತ್ತದೆ. ಮೂಲ್ಕಿಯ ಶಾಂಭವಿಗೂ, ಉದ್ಯಾವರ ಹೊಳೆಗೂ, ಮಂಗಳೂರಿನಲ್ಲಿ ನೇತ್ರಾವತಿ–ಫಲ್ಗುಣಿ ಕೂಡುವ ಜಾಗಕ್ಕೂ ಇದೇ ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ನಡೆಯುತ್ತದೆ.

ಚಳಿಗಾಲವೇ ಯಾಕೆ? ಮಳೆಗಾಲದಲ್ಲಿ ಹೊಳೆಯೆಲ್ಲ ಕೆಂಪು ನೀರು, ಬಿದ್ದ ಮರ, ತೆಂಗಿನ ಮಡಲು, ಪ್ಲಾಸ್ಟಿಕ್ಕು. ನವರಾತ್ರಿ ಕಳೆದ ಮೇಲೆ ಸ್ವಲ್ಪ ಸ್ವಲ್ಪ ತಿಳಿಯಾಗುತ್ತದೆ. ಆಮೇಲೆ ಮೇಲಿನ ಊರುಗಳಲ್ಲಿ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುತ್ತಾರೆ. ಮೇಲಿನಿಂದ ಬರುವ ಸಿಹಿನೀರು ಕಡಿಮೆಯಾಗುತ್ತದೆ, ಸಮುದ್ರದ ಉಪ್ಪು ನೀರು ಭರತದ ಜೊತೆ ಒಳಗೊಳಗೆ ಏರುತ್ತದೆ. ಅದರ ಜೊತೆ ಸಿಗಡಿ, ಮರಿಮೀನು. ಅವುಗಳ ಹಿಂದೆ ಕೆಂಬೇರಿ (ಮ್ಯಾಂಗ್ರೋವ್ ಜ್ಯಾಕ್), ಕುರುಡಿ (ಸೀ ಬಾಸ್) ಮೀನುಗಳು. ನಮ್ಮ ಚಳಿ ಅಂದರೂ ಎಷ್ಟು, ಬೆಳಗಿನ ಜಾವ 20 ಡಿಗ್ರಿ ಆಸುಪಾಸು. ಮಫ್ಲರ್ ಸುತ್ತಿಕೊಂಡು ನೀರಿಗೆ ಕಾಲಿಟ್ಟರೆ ನೀರು ಬೆಚ್ಚಗೆ ಇರುತ್ತದೆ! ಮೀನಿಗೆ ಚಳಿಯ ಕಷ್ಟ ಇಲ್ಲ. ಕಷ್ಟ ಇರುವುದು ನಮಗೆ, ಯಾಕೆಂದರೆ ನೀರು ತಿಳಿಯಾದ ಮೇಲೆ ಮೀನಿಗೆ ಎಲ್ಲ ಕಾಣುತ್ತದೆ. ಅಕ್ಟೋಬರಿನಲ್ಲಿ ದಪ್ಪ ತಂಗೂಸು (ನೈಲಾನ್ ದಾರ) ಕಟ್ಟಿ, ಜೋರಾಗಿ ಮಾತಾಡಿಕೊಂಡು ಮೀನು ಹಿಡಿದವನು ಜನವರಿಯಲ್ಲಿ ಬರಿಗೈಯಲ್ಲಿ ಬರುವುದು ಇದಕ್ಕೇ.

ಮೊದಲು ದಿನ ಆರಿಸಿ. ಇದಕ್ಕೆ ಗೋಡೆಯ ಮೇಲೆ ತೂಗುವ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಏರಿಳಿತ ಜಾಸ್ತಿ, ಅಷ್ಟಮಿಯ ಆಸುಪಾಸು ಕಡಿಮೆ. ತುಂಬ ಜನ ಹುಣ್ಣಿಮೆಯ ದಿನವೇ ಹೋಗುತ್ತಾರೆ. ನನಗೆ ಅದು ಅಷ್ಟು ಇಷ್ಟ ಇಲ್ಲ. ಸೆಳೆತ ಜೋರು, ದಾರಕ್ಕೆ ಕಟ್ಟಿದ ಸೀಸ ನಿಲ್ಲುವುದಿಲ್ಲ, ಕಸ ಬಂದು ದಾರಕ್ಕೆ ಸುತ್ತಿಕೊಳ್ಳುತ್ತದೆ. ಅಷ್ಟಮಿಯಂದು ನೀರು ಸತ್ತ ಹಾಗೆ ನಿಂತಿರುತ್ತದೆ, ಅದೂ ಬೇಡ. ದಶಮಿಯಿಂದ ತ್ರಯೋದಶಿವರೆಗಿನ ದಿನಗಳು ಕೆಂಬೇರಿಗೆ ಒಳ್ಳೆಯದು, ನೀರು ದಿನದಿಂದ ದಿನಕ್ಕೆ ಸ್ವಲ್ಪ ಹೆಚ್ಚು ಓಡುತ್ತಿರುತ್ತದೆ. ನಡುವೆ ಏಕಾದಶಿ ಬರುತ್ತದೆ, ಹೌದು. ನಮ್ಮ ಮನೆಯಲ್ಲಿ ಅವತ್ತು ಒಲೆಗೆ ಮೀನು ಏರುವುದಿಲ್ಲ. ಐಸಿನಲ್ಲಿ ಇಟ್ಟು ಮರುದಿನ ಮಾಡಿದರಾಯಿತು, ಅಲ್ವಾ.

ದಿನ ಆರಿಸಿದ ಮೇಲೆ ಗಂಟೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ, ಎರಡೂ ಒಂದೇ ಎತ್ತರ ಇರುವುದಿಲ್ಲ. ದಿನ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಆರಕ್ಕೆ ಭರತ ಇದ್ದರೆ ನಾಳೆ ಏಳರ ಹತ್ತಿರ. ಮೊಬೈಲಿನಲ್ಲಿ ಆ್ಯಪ್ ಇದೆ, ಆದರೆ ಊರು ಯಾವುದು ಅಂತ ನೋಡಿಕೊಳ್ಳಿ. ನಾನು ಹೊಸದರಲ್ಲಿ ಒಂದು ಆ್ಯಪ್ ಹಾಕಿಕೊಂಡು ಒಂದು ತಿಂಗಳು ತಪ್ಪು ಹೊತ್ತಿಗೆ ಹೋಗಿ ಕೂತಿದ್ದೆ. ಭರತ ನಾಲ್ಕೂವರೆ ಮೀಟರ್ ಅಂತ ತೋರಿಸುತ್ತಿತ್ತು. ನಮ್ಮಲ್ಲಿ ಎರಡು ಮೀಟರೂ ಏರುವುದಿಲ್ಲ! ನಾಲ್ಕೂವರೆ ಏರಿದರೆ ಬೆಂಗ್ರೆ ಉಳಿಯುತ್ತದಾ? ಆಮೇಲೆ ನೋಡಿದರೆ ಅದು ಮುಂಬಯಿ ಬಂದರಿನ ಲೆಕ್ಕ. ಮಂಗಳೂರು ಅಥವಾ ಮಲ್ಪೆ ಅಂತ ಇದ್ದರೆ ಸರಿ. ಅದೂ ಸಮುದ್ರದ ಬಾಯಿಯ ಲೆಕ್ಕ, ಹೊಳೆಯಲ್ಲಿ ಒಳಗೆ ಹೋದ ಹಾಗೆ ನೀರು ತಡವಾಗಿ ಮುಟ್ಟುತ್ತದೆ. ಎಷ್ಟು ತಡ ಅಂತ ಯಾರನ್ನೂ ಕೇಳಬೇಡಿ. ನೀವು ಕೂರುವ ಜಾಗದಲ್ಲಿ ಒಂದು ಕೋಲು ಊರಿ, ನೀರಿನ ಮಟ್ಟಕ್ಕೆ ಚಾಕುವಿನಲ್ಲಿ ಗೀರು ಹಾಕಿ, ಎಷ್ಟು ಗಂಟೆಗೆ ನೀರು ನಿಂತಿತು, ಎಷ್ಟು ಗಂಟೆಗೆ ತಿರುಗಿತು ಅಂತ ಬರೆದಿಟ್ಟುಕೊಳ್ಳಿ. ಎರಡು ಸಲ ಬರೆದರೆ ಆ ಜಾಗದ ಲೆಕ್ಕ ನಿಮ್ಮ ಕೈಗೆ ಬಂತು.

ನೀರು ನಿಂತು, ತಿರುಗಿ, ಮತ್ತೆ ಓಡಲು ಶುರುವಾಗುವ ಆ ಒಂದು ಗಂಟೆ ಇದೆಯಲ್ಲ, ನನಗೆ ಸಿಕ್ಕಿದ ಒಳ್ಳೆಯ ಮೀನುಗಳಲ್ಲಿ ಮುಕ್ಕಾಲು ಪಾಲು ಆ ಹೊತ್ತಿನಲ್ಲೇ ಸಿಕ್ಕಿದ್ದು. ಅದು ಬೆಳಕು ಹರಿಯುವ ಹೊತ್ತಿಗೆ ಕೂಡಿ ಬಂದರೆ ಆಫೀಸಿಗೆ ರಜೆ ಹಾಕಿ. ಜನವರಿಯಲ್ಲಿ ಸೂರ್ಯ ಹುಟ್ಟುವಾಗ ಏಳು ಗಂಟೆಯ ಹತ್ತಿರ ಆಗುತ್ತದೆ, ಆರಕ್ಕೆ ನೀವು ಜಾಗದಲ್ಲಿ ಇರಬೇಕು. ಬೆಳಿಗ್ಗೆ ಮೂಡುಗಾಳಿ ಸಣ್ಣಗೆ ಬೀಸುತ್ತದೆ, ಹೊಳೆ ಕನ್ನಡಿಯ ಹಾಗೆ ಇರುತ್ತದೆ. ಹತ್ತು ಹನ್ನೊಂದಕ್ಕೆ ಪಡುಗಾಳಿ ಎದ್ದ ಮೇಲೆ ದಾರ ಎತ್ತ ಹೋಗುತ್ತದೆ ಅಂತಲೇ ತಿಳಿಯುವುದಿಲ್ಲ.

ಜಾಗ. ಕೆಂಬೇರಿ ಬಯಲಿನಲ್ಲಿ ತಿರುಗುವ ಮೀನಲ್ಲ, ಅಡಗಿ ಕೂತು ಹಾರುವ ಮೀನು. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು, ಸೇತುವೆಯ ಕಂಬ, ಹಳೆ ದಕ್ಕೆಯ ಕಲ್ಲು, ಕುದ್ರುಗಳ (ಹೊಳೆಯ ನಡುವಿನ ದ್ವೀಪಗಳ) ಅಂಚಿಗೆ ಕಟ್ಟಿದ ಮುರಕಲ್ಲಿನ ಗೋಡೆ ಜರಿದು ಬಿದ್ದಿರುತ್ತದಲ್ಲ, ಅಂಥ ಜಾಗ. ನೀರು ಏರುವಾಗ ಬೇರುಗಳ ಒಳಗೆ ನುಗ್ಗುತ್ತದೆ. ಇಳಿಯುವಾಗ ತೋಡು ಹೊಳೆಗೆ ಸೇರುವ ಬಾಯಿಯಲ್ಲಿ ಕಾಯುತ್ತದೆ, ಯಾಕೆಂದರೆ ತೋಡಿನೊಳಗೆ ಹೋದ ಸಿಗಡಿ, ಮರಿಮೀನು ಎಲ್ಲ ಅದೇ ಬಾಯಿಯಿಂದ ಹೊರಗೆ ಬರಬೇಕು. ಇಳಿತದ ಹೊತ್ತಿಗೆ ಒಮ್ಮೆ ಗಾಳ ಇಲ್ಲದೆ ಸುಮ್ನೆ ನಡೆದು ನೋಡಿ ಬನ್ನಿ. ಕಲ್ಲು ಎಲ್ಲಿದೆ, ಗುಂಡಿ ಎಲ್ಲಿದೆ ಎಲ್ಲ ಕಾಣುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ನೀರು ಏರಿದ ಮೇಲೆ ಅದೇ ನಿಮ್ಮ ನಕ್ಷೆ.

ನಿಲ್ಲುವ ದಡವನ್ನೂ ಯೋಚಿಸಬೇಕು. ಹಂಗಾರಕಟ್ಟೆ ಕಡೆ ಒಂದು ಬೆಳಿಗ್ಗೆ ಎರಡು ಗಂಟೆ ಎರೆ ಬದಲಾಯಿಸಿ ಬದಲಾಯಿಸಿ ಸುಸ್ತಾಗಿ ನಿಂತಿದ್ದೆ. ಹಿಂದೆ ಒಬ್ಬ ಅಜ್ಜ ಬೀಡಿ ಸೇದುತ್ತ ಕೂತಿದ್ದರು. ಕೊನೆಗೆ ಅವರಿಗೇ ತಡೆಯಲಿಲ್ಲ. "ನಿನ್ನ ನೆರಳು ತೆಗಿ ಮಾರಾಯ ಮೊದ್ಲು, ಆಮೇಲೆ ಮೀನು ಬರ್ಲಿಕ್ಕೆ ಉಂಟಾ ನೋಡುವ" ಅಂದರು. ತಿರುಗಿ ನೋಡಿದೆ. ಸೂರ್ಯ ನನ್ನ ಬೆನ್ನ ಹಿಂದೆ, ನನ್ನ ನೆರಳು ಉದ್ದಕ್ಕೆ, ರಾಡಿನ ಸಮೇತ, ಸರಿಯಾಗಿ ಆ ಕಲ್ಲಿನ ಗುಂಡಿಯ ಮೇಲೆ ಮಲಗಿತ್ತು. ಮೂಡು ದಡದಲ್ಲಿ ನಿಂತರೆ ಬೆಳಿಗ್ಗೆ ಇದೇ ಗತಿ. ಆಚೆ ಬೆಂಗ್ರೆಯ ದಡದಲ್ಲಿ ನಿಂತರೆ ಕಣ್ಣಿಗೆ ಬಿಸಿಲು ಹೊಡೆಯುತ್ತದೆ, ಆದರೆ ನೆರಳು ಹಿಂದೆ ಬೀಳುತ್ತದೆ. ಟೋಪಿ ಹಾಕಿಕೊಂಡು ಅಲ್ಲಿ ನಿಲ್ಲಿ. ಕೆಂಪು, ಬಿಳಿ ಟೀಶರ್ಟ್ ಬೇಡ. ನೀರಿನ ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು ಹಾಕಿ.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏಳು ಅಡಿಯ ಗಟ್ಟಿ ರಾಡ್, 3000 ಅಥವಾ 4000 ಸೈಜಿನ ರೀಲ್, 20ರಿಂದ 30 ಪೌಂಡಿನ ಬ್ರೇಡ್ ಲೈನ್, ಅಂದರೆ ಹೆಣೆದ ದಾರ. ಅದರ ತುದಿಗೆ ಗಾಳ ಕಟ್ಟಲು ಒಂದೂವರೆ ಮಾರು ಬೇರೆ ದಾರ, ಅದೇ ಲೀಡರ್, 30 ಪೌಂಡ್. ಬೇರು ಕಲ್ಲು ಜಾಸ್ತಿ ಇದ್ದರೆ 40 ಹಾಕಿ, ಆದರೆ ನೀರು ತೀರಾ ತಿಳಿ ಇದ್ದ ದಿನ 40ಕ್ಕೆ ಮೀನು ಮುಟ್ಟುವುದು ಕಡಿಮೆ, ನಾನು ನೋಡಿದ ಹಾಗೆ. ಗಾಳ 1/0 ಅಥವಾ 2/0 ನಂಬರಿನದ್ದು. ಚೂಪು ಇದೆಯಾ ಅಂತ ಉಗುರಿನ ಮೇಲೆ ಎಳೆದು ನೋಡಿ, ಜಾರಿದರೆ ಬಿಸಾಡಿ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ, ಒಣ ಗಂಟು ಎಳೆದರೆ ಉಜ್ಜಿ ಬಿಸಿಯಾಗಿ ದಾರದ ಬಲ ಹೋಗುತ್ತದೆ. ಇನ್ನು ಆನ್‌ಲೈನಿನಲ್ಲಿ ಸಿಗುವ ಮಡಚುವ ರಾಡ್, ಎಲ್ಲ ಸೇರಿ ಒಂದು ಸಾವಿರ ಅಂತ ಬರುತ್ತದಲ್ಲ, ಅದು ಮಕ್ಕಳಿಗೆ ಆಡಲು ಚೆನ್ನಾಗಿದೆ.

ಎರೆಗೆ ಜೀವಂತ ಸಿಗಡಿಯನ್ನು ಮೀರಿದ್ದು ಯಾವುದೂ ಇಲ್ಲ. ಬೀಸುಬಲೆ ಹಾಕುವವರ ಹತ್ತಿರ ಹಿಂದಿನ ಸಂಜೆ ಹೇಳಿಟ್ಟರೆ ಬೆಳಿಗ್ಗೆ ಕೊಡುತ್ತಾರೆ, ಕಿರುಬೆರಳಿನಷ್ಟು ಉದ್ದದ್ದು ಸಾಕು. ಬಕೆಟ್ಟಿಗೆ ಹೊಳೆಯದ್ದೇ ನೀರು ಹಾಕಿ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಬ್ಯಾಟರಿ ಪಂಪ್ ಬಿಡಿ. ನಲ್ಲಿ ನೀರು, ಬಾವಿ ನೀರು ಹಾಕಿದರೆ ಸಾಯುತ್ತವೆ. ಬಿಸಿಲಿಗೆ ಇಟ್ಟರೂ ಅಷ್ಟೆ.

ಈಗ ಸಿಗಡಿಯನ್ನು ಚುಚ್ಚುವುದು. ಇದನ್ನು ನಿಧಾನ ಓದಿ, ಹೆಚ್ಚಿನವರು ತಪ್ಪುವುದು ಇಲ್ಲೇ. ಎಡಗೈಯಲ್ಲಿ ಸಿಗಡಿಯ ಬೆನ್ನು ಹಿಡಿದುಕೊಂಡು ಬೆಳಕಿಗೆ ತೋರಿಸಿ. ತಲೆಯ ಮೇಲೆ ಮುಂದಕ್ಕೆ ಚಾಚಿದ ಗರಗಸದಂಥ ಕೊಂಬು ಕಾಣುತ್ತದೆ. ಅದರ ಬುಡದ ಹಿಂದೆ, ಚಿಪ್ಪಿನ ಒಳಗೆ, ಒಂದು ಕಪ್ಪು ಕಲೆ. ಆ ಕಲೆಗೆ ಗಾಳ ತಾಗಿದರೆ ಸಿಗಡಿ ಅಲ್ಲೇ ಮುಗಿಯಿತು. ಕಲೆಗಿಂತ ಮುಂದೆ, ಕೊಂಬಿನ ಬುಡದ ಕೆಳಗಿನಿಂದ ಗಾಳದ ಮೊನೆಯನ್ನು ಅಡ್ಡ ತೂರಿಸಿ ಆಚೆಗೆ ತೆಗೆಯಿರಿ. ಚಿಪ್ಪು ಮಾತ್ರ ಹಿಡಿಯಬೇಕು, ಮಾಂಸ ಅಲ್ಲ. ಸರಿಯಾಗಿ ಚುಚ್ಚಿದ್ದರೆ ನೀರಿಗೆ ಬಿಟ್ಟ ಕೂಡಲೇ ಬಾಲ ಮಡಚಿ ಟಪ್ ಅಂತ ಹಿಂದಕ್ಕೆ ಹಾರುತ್ತದೆ. ಆ ಟಪ್ ಸದ್ದೇ ಕೆಂಬೇರಿಯನ್ನು ಬೇರಿನಿಂದ ಹೊರಗೆ ಕರೆಯುವುದು.

ಸೀಸ ಆದಷ್ಟು ಕಡಿಮೆ. ನನ್ನ ಚಿಕ್ಕಮ್ಮನ ಮಗ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದ್ದಾನೆ, ಅಲ್ಲಿ ಚಳಿಗಾಲದಲ್ಲಿ ಸ್ಟೀಲ್‌ಹೆಡ್ ಅನ್ನುವ ಮೀನಿಗೆ ಗಾಳ ಹಾಕುತ್ತಾನೆ. ರೇನ್‌ಬೋ ಟ್ರೌಟ್‌ನದ್ದೇ ಜಾತಿ, ಸಮುದ್ರಕ್ಕೆ ಹೋಗಿ ಬೆಳೆದು ಮೊಟ್ಟೆ ಇಡಲು ಹೊಳೆಗೆ ವಾಪಸ್ ಬರುವಂಥದ್ದು. ರಾಡಿನ ಬಳೆಗಳಲ್ಲಿ ಐಸ್ ಕಟ್ಟಿ ದಾರವೇ ಓಡುವುದಿಲ್ಲ, ಆಗಾಗ ಒಡೆದು ತೆಗೆಯಬೇಕು ಅನ್ನುತ್ತಾನೆ. ಅಷ್ಟು ತಣ್ಣಗಿನ ನೀರಿನಲ್ಲಿ ಮೀನು ಎರೆಯ ಹಿಂದೆ ಓಡಿ ಬರುವುದಿಲ್ಲವಂತೆ. ಬೆಂಡು ಕಟ್ಟಿ, ನೀರಿನ ಓಟ ಎಷ್ಟೋ ಅಷ್ಟೇ ವೇಗದಲ್ಲಿ ಎರೆಯನ್ನು ಅದರ ಮೂಗಿನ ಮುಂದೆ ತೇಲಿಸಿಕೊಂಡು ಹೋಗಬೇಕು, ತಳದಿಂದ ಸ್ವಲ್ಪ ಮೇಲೆ. ನಮ್ಮ ಕೆಂಬೇರಿಗೆ ಅಂಥ ಸೋಮಾರಿತನ ಇಲ್ಲ. ಆದರೂ ಅವನ ಈ ಬೆಂಡಿನ ಉಪಾಯವನ್ನು ನಾನು ಇಲ್ಲಿ ಮಾಡಿ ನೋಡಿದೆ, ತೋಡಿನ ಬಾಯಲ್ಲಿ, ಇಳಿಯುವ ನೀರಿನಲ್ಲಿ. ಚೆನ್ನಾಗಿ ನಡೆಯುತ್ತದೆ! ಸೀಸ ಕಟ್ಟಿ ಒಂದೇ ಕಡೆ ನಿಂತ ಸಿಗಡಿಯನ್ನು ತಿಳಿ ನೀರಿನಲ್ಲಿ ಮೀನು ಅನುಮಾನಿಸುತ್ತದೆ. ನೀರಿನ ಜೊತೆ ತೇಲಿ ಬರುವ ಸಿಗಡಿ ಅದಕ್ಕೆ ದಿನಾ ಕಾಣುವ ಊಟ. ಬೆಂಡು ನೀರಿಗಿಂತ ವೇಗವಾಗಿ ಹೋಗುತ್ತಿದ್ದರೆ ನೀವು ದಾರ ಎಳೆಯುತ್ತಿದ್ದೀರಿ ಅಂತ ಅರ್ಥ, ಸ್ವಲ್ಪ ಸಡಿಲ ಬಿಡಿ. ಪಕ್ಕದಲ್ಲಿ ಒಂದು ಎಲೆ ತೇಲುತ್ತಿರುತ್ತದೆ, ಅದರ ಜೊತೆ ಹೋಲಿಸಿ ನೋಡಿ.

ಸಿಗಡಿ ಸಿಗದಿದ್ದರೆ ರಬ್ಬರ್ ಮೀನು ನಡೆಯುತ್ತದೆ, ತಲೆಯಲ್ಲಿ ಏಳರಿಂದ ಹತ್ತು ಗ್ರಾಂ ಸೀಸ ಇರುವಂಥದ್ದು. ಕಲ್ಲಿನ ಅಂಚಿಗೆ ಎಸೆದು ತಳ ಮುಟ್ಟಿಸಿ, ಎರಡು ಸಲ ಕುಣಿಸಿ, ನಿಲ್ಲಿಸಿ. ನಿಲ್ಲಿಸಿದಾಗಲೇ ಹೊಡೆಯುವುದು. ಸುಮ್ನೆ ಗರಗರ ಸುತ್ತಿದರೆ ವ್ಯಾಯಾಮ ಆಗುತ್ತದೆ.

ಕೆಂಬೇರಿ ಹೊಡೆದ ಮೇಲೆ ನಿಮಗೆ ಇರುವುದು ಎರಡು ಸೆಕೆಂಡು. ಉತ್ಪ್ರೇಕ್ಷೆ ಅಲ್ಲ. ಅದು ಕಚ್ಚಿಕೊಂಡು ಯೋಚಿಸುವ ಮೀನಲ್ಲ, ಹೊಡೆದ ಕ್ಷಣವೇ ಬಂದ ದಾರಿಯಲ್ಲಿ ಮನೆಗೆ ಓಡುತ್ತದೆ. ಬೇರಿನ ಒಳಗೆ ಹೋಯಿತೋ, ದಾರ ಬೇರಿಗೆ ಉಜ್ಜುವ ಕರ್ ಕರ್ ಕೈಗೆ ಬರುತ್ತದೆ, ಆಮೇಲೆ ಏನೂ ಇಲ್ಲ. ಅದಕ್ಕೇ ರೀಲಿನಿಂದ ದಾರ ಬಿಡುವ ಬಿಗಿ, ಅದೇ ಡ್ರ್ಯಾಗ್, ಮೊದಲೇ ಬಿಗಿ ಇರಬೇಕು, ಕೈಯಲ್ಲಿ ದಾರ ಎಳೆದರೆ ಕಷ್ಟಪಟ್ಟು ಬರುವಷ್ಟು. ರಾಡನ್ನು ಕಲ್ಲಿಗೆ ಒರಗಿಸಿ ಚಹಾ ಕುಡಿಯಲು ಕೂರಬೇಡಿ, ರಾಡೂ ಹೋಗುತ್ತದೆ. ಹೊಡೆದ ಕೂಡಲೇ ರಾಡನ್ನು ಬೇರಿನ ವಿರುದ್ಧ ದಿಕ್ಕಿಗೆ ಅಡ್ಡ ಎಳೆದು, ಎರಡು ಹೆಜ್ಜೆ ಹಿಂದೆ ನಡೆಯಿರಿ. ಸುತ್ತುವುದು ಆಮೇಲೆ. ನಡು ಹೊಳೆಗೆ ಬಂದಮೇಲೆ ಆರಾಮಾಗಿ ಆಡಿಸಬಹುದು. ಬೇರಿನೊಳಗೆ ಹೋಗಿಬಿಟ್ಟರೆ ಎಳೆದಾಡಬೇಡಿ, ದಾರ ಪೂರ್ತಿ ಸಡಿಲ ಬಿಟ್ಟು ಎರಡು ನಿಮಿಷ ಕಾಯಿರಿ. ಕೆಲವು ಸಲ ತಾನಾಗಿ ಹೊರಗೆ ಬರುತ್ತದೆ.

ಗಾಳ ಬಿಡಿಸುವಾಗ ಇಕ್ಕಳ ಬೇಕೇ ಬೇಕು, ಕೆಂಬೇರಿಗೆ ನಾಯಿಯ ಕೋರೆಯಂಥ ಹಲ್ಲಿದೆ. ಕುರುಡಿ ಸಿಕ್ಕಿದರೆ ಕಿವಿರಿನ ಹತ್ತಿರ ಬೆರಳು ಹಾಕಬೇಡಿ. ಆ ಮುಚ್ಚಳದ ಅಂಚು ಬ್ಲೇಡಿನ ಹಾಗೆ, ಬೆರಳನ್ನೂ ಕೊಯ್ಯುತ್ತದೆ, ದಾರವನ್ನೂ ಕೊಯ್ಯುತ್ತದೆ.

ತೇಡೆ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಬೆನ್ನ ಮೇಲೆ ಒಂದು ಮುಳ್ಳು, ಎರಡು ಪಕ್ಕದಲ್ಲಿ ಒಂದೊಂದು, ಮೂರರಲ್ಲೂ ನಂಜು. ನನಗೆ ಹೆಬ್ಬೆರಳಿನ ಬುಡಕ್ಕೆ ಹೊಡೆದು ಮೊಣಕೈಯವರೆಗೆ ಉರಿ ಏರಿತ್ತು, ಬೈಕ್ ಓಡಿಸಲು ಆಗದೆ ಗೂಡಂಗಡಿಯಲ್ಲಿ ಕೂತಿದ್ದೆ. ಅಂಗಡಿಯ ಅಕ್ಕ ಚಹಾಕ್ಕೆ ಇಟ್ಟಿದ್ದ ಬಿಸಿನೀರಿಗೆ ತಣ್ಣೀರು ಬೆರೆಸಿ ಪಾತ್ರೆಯಲ್ಲಿ ಕೊಟ್ಟರು, "ಕೈ ಅದರಲ್ಲೇ ಇಡಿ, ತೆಗೀಬೇಡಿ" ಅಂದರು. ಅರ್ಧ ಗಂಟೆಯಲ್ಲಿ ನೋವು ಅರ್ಧಕ್ಕೆ ಇಳಿಯಿತು. ಇದು ಬರೀ ಅಜ್ಜಿಮದ್ದಲ್ಲ, ವೈದ್ಯರು ಹೇಳುವುದೂ ಇದನ್ನೇ. ತಡೆದುಕೊಳ್ಳುವಷ್ಟು ಬಿಸಿ, ಸುಮಾರು 45 ಡಿಗ್ರಿ, ಚರ್ಮ ಸುಡಬಾರದು. ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ಮುಳ್ಳು ಒಳಗೆ ಮುರಿದಿದ್ದರೆ, ಊತ ಏರುತ್ತಿದ್ದರೆ ಆಸ್ಪತ್ರೆಗೆ ಹೋಗಿ. ತೊರಕೆ (ಸ್ಟಿಂಗ್‌ರೇ) ಮುಳ್ಳಿಗೂ ಮೊದಲು ಇದೇ ಬಿಸಿನೀರು, ಆದರೆ ಗಾಯ ಆಳ ಇರುತ್ತದೆ, ಅದಕ್ಕೆ ಆಸ್ಪತ್ರೆ ಬೇಕೇ ಬೇಕು. ಮರಳಿನಲ್ಲಿ ನೀರಿಗೆ ಇಳಿದು ನಡೆಯುವಾಗ ಕಾಲು ಎತ್ತಿ ಎತ್ತಿ ಇಡಬೇಡಿ, ತಳಕ್ಕೆ ಉಜ್ಜಿಕೊಂಡು ನಡೆಯಿರಿ, ತೊರಕೆ ಇದ್ದರೆ ಸರಿದು ಹೋಗುತ್ತದೆ. ಹೊಟ್ಟೆ ಬಲೂನಿನ ಹಾಗೆ ಉಬ್ಬಿಸುವ ಮೀನು ಸಿಕ್ಕಿದರೆ ದಾರ ಕತ್ತರಿಸಿ ಬಿಡಿ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

ಕೆಂಬೇರಿ ಸಿಗದ ದಿನಕ್ಕೆ ಕಾಣೆ ಮೀನು ಇದೆ. ನಿಜ ಹೇಳಬೇಕೆಂದರೆ ಮನೆಯವರಿಗೆ ಅದೇ ಇಷ್ಟ. ಅಳಿವೆಯ ಹತ್ತಿರ ಮರಳು ತಳದ ಮೇಲೆ ನೀರು ಏರಲು ಶುರುವಾದಾಗ ಸಣ್ಣ ರಾಡ್, ಆರು ಎಂಟು ಪೌಂಡಿನ ದಾರ, 8 ಅಥವಾ 10 ನಂಬರಿನ ಗಾಳ, ಕಡಲೆಬೀಜದಷ್ಟು ಸಿಗಡಿ ತುಂಡು. ದೂರ ಎಸೆದು, ತಳಕ್ಕೆ ತಾಗಿಸಿಕೊಂಡು ಒಂದೊಂದು ಗೇಣು ಎಳೆದು ನಿಲ್ಲಿಸಿ. ಟಕ್ ಟಕ್ ಅಂತ ಎರಡು ಸಲ ಬಡಿಯುತ್ತದೆ. ಮೊದಲ ಟಕ್‌ಗೆ ಎಳೆದರೆ ತಪ್ಪುತ್ತದೆ. ಒಂದು ಸಿಕ್ಕಿದ ಕಡೆ ಇನ್ನೂ ಇರುತ್ತವೆ, ಅಲ್ಲಿಂದ ಕದಲಬೇಡಿ. ನೀರಿನಲ್ಲಿ ಧಡಬಡ ನಡೆದರೆ ಮಾತ್ರ ಮರಳಿನೊಳಗೆ ಹೂತುಕೊಳ್ಳುತ್ತವೆ.

ಹೊಳೆ ಅಲ್ಲಿಯವರ ಹೊಟ್ಟೆಪಾಡು, ನಾವು ಶೋಕಿಗೆ ಹೋಗುವವರು. ಬಲೆಯ ಬೆಂಡುಗಳು ಕಂಡರೆ, ಪಂಜರದಲ್ಲಿ ಮೀನು ಸಾಕಿದ್ದರೆ, ಇಳಿತಕ್ಕೆ ಮರುವಾಯಿ (ಚಿಪ್ಪುಮೀನು) ತೆಗೆಯುವವರು ನೀರಿನಲ್ಲಿದ್ದರೆ ಆ ಕಡೆ ಗಾಳ ಎಸೆಯಲೇಬಾರದು. ಕತ್ತರಿಸಿದ ದಾರ ಚೀಲಕ್ಕೆ ಹಾಕಿಕೊಳ್ಳಿ. ಅಂಗೈ ಉದ್ದದ ಕೆಂಬೇರಿ ಮರಿಗಳನ್ನು ಬಿಟ್ಟುಬಿಡಿ, ಅವು ಹೊಳೆಯಲ್ಲಿ ಬೆಳೆದು ಆಮೇಲೆ ಸಮುದ್ರಕ್ಕೆ ಹೋಗಿ ಮೊಟ್ಟೆ ಇಡುವಂಥವು. ಕುರುಡಿಯ ಲೆಕ್ಕ ಇನ್ನೂ ವಿಚಿತ್ರ. ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ಫೋಟೊಕ್ಕೆ ಎತ್ತಿ ಹಿಡಿಯುವ ಆ ದೊಡ್ಡ ಮೀನು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ. ಫೋಟೊ ತೆಗೆದು ಬಿಟ್ಟರೆ ಒಳ್ಳೆಯದು. ನಾನು ಎಲ್ಲ ಸಲ ಬಿಟ್ಟಿದ್ದೇನೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ಅಳಿವೆಯ ತುದಿಯ ಮರಳ ದಿಬ್ಬಕ್ಕೆ ಇಳಿತದಲ್ಲಿ ನಡೆದು ಹೋಗಿ ಕೂರುವವರಿದ್ದಾರೆ. ಬೇಡ. ನೀರು ಏರುವಾಗ ಮುಂದಿನಿಂದ ಬರುವುದಿಲ್ಲ, ನಿಮ್ಮ ಹಿಂದಿನ ತಗ್ಗನ್ನು ಮೊದಲು ತುಂಬುತ್ತದೆ. ಒಬ್ಬರೇ ಹೋಗಬೇಡಿ, ಈಜು ಬಂದರೂ.

ಇಟ್ಟುಕೊಂಡ ಮೀನಿನ ಕಿವಿರು ಅಲ್ಲೇ ಕೊಯ್ದು ರಕ್ತ ಬಿಡಿ, ಐಸ್ ತುಂಬಿದ ಥರ್ಮೋಕೋಲ್ ಪೆಟ್ಟಿಗೆಗೆ ಹಾಕಿ. ಮನೆಗೆ ಹೋದ ಕೂಡಲೇ, ಮೀನು ಸವರಲು ಕೂರುವ ಮೊದಲು, ರೀಲನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ಡ್ರ್ಯಾಗ್ ಸಡಿಲ ಮಾಡಿ ನೆರಳಲ್ಲಿ ಒಣಗಲು ಇಡಿ. ಪೈಪ್ ಹಿಡಿದು ಜೋರಾಗಿ ನೀರು ಬಿಟ್ಟರೆ ಉಪ್ಪು ಹೊರಗೆ ಬರುವ ಬದಲು ಒಳಗೆ ಹೋಗುತ್ತದೆ, ಮುಂದಿನ ದಶಮಿಗೆ ರೀಲ್ ತಿರುಗುವುದಿಲ್ಲ.